‘ಡೋರ್ ಪುಟ್ಟು’ ಅಂದ ಅತ್ತೆ ನನ್ನ ಚಾನೆಲ್ ಉಳಿಸಿದ್ದು

ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ಇಂಗ್ಲಿಷ್ ಪದ ಕಲಿಸ್ತೀನಿ ಅಂದಾಗ ನಮ್ಮ ಭಾವ ನಕ್ಕಿದ್ದರು. "ಅರ್ಧ ನಿಮಿಷದಲ್ಲಿ ಇಂಗ್ಲಿಷ್ ಬರೋದಾದ್ರೆ ಸ್ಕೂಲಿಗೆ ಯಾಕಮ್ಮ ಅಷ್ಟು ಫೀಸು ಕಟ್ಟಬೇಕು?" ಮೊದಲ ಎಂಟು ತಿಂಗಳು ಅವರು ಹೇಳಿದ್ದೇ ಸರಿ ಅನ್ನಿಸಿತ್ತು. ಈಗ ಅವರ ಹೆಂಡತಿ, ಅಂದರೆ ನನ್ನ ಓರಗಿತ್ತಿ, ನನ್ನ ವಾಟ್ಸಾಪ್ ಇಂಗ್ಲಿಷ್ ಕ್ಲಾಸಿನ ಮೂರನೇ ಬ್ಯಾಚಿನಲ್ಲಿದ್ದಾರೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಶುರುವಿನಲ್ಲಿ ಎಲ್ಲರೂ ಮಾಡೋದನ್ನೇ ಮಾಡಿದೆ. ಒಂದು ವಿಡಿಯೊಗೆ ಹತ್ತು ಪದ. ಬಣ್ಣ, ಪ್ರಾಣಿ, ತರಕಾರಿ. ಹೆಚ್ಚುಕಮ್ಮಿ 90 ವಿಡಿಯೊ ಹಾಕಿರಬೇಕು. ನಾಲ್ಕನೇ ಪದ ಬರೋದರೊಳಗೆ ಜನ ಬೆರಳಲ್ಲಿ ತಳ್ಳಿಕೊಂಡು ಮುಂದಕ್ಕೆ ಹೋಗಿರುತ್ತಿದ್ದರು. ರಿಂಗ್ ಲೈಟು, ಕಾಲರ್ ಮೈಕು, ಹಿಂದೆ ಕಟ್ಟೋ ಹಸಿರು ಬಟ್ಟೆ ಅಂತ ಆರು ಸಾವಿರದ ಹತ್ತಿರ ಹೋಯಿತು. ಎಡಿಟ್ ಮಾಡೋ ಹುಡುಗನಿಗೆ ವಿಡಿಯೊಗೆ 300 ರೂಪಾಯಿಯಂತೆ ಎರಡು ತಿಂಗಳು ಕೊಟ್ಟೆ, ಅದೊಂದು ಹನ್ನೆರಡು ಸಾವಿರ. ಅವನು ಸೇರಿಸಿದ ಟುಂಯ್ ಟುಂಯ್ ಸದ್ದಿನಲ್ಲಿ ನನ್ನ ಮಾತೇ ಕೇಳುತ್ತಿರಲಿಲ್ಲ. 2024ರ ಅಕ್ಟೋಬರಿನಲ್ಲಿ ಶಾರ್ಟ್ಸ್ ಮೂರು ನಿಮಿಷದವರೆಗೂ ಆಯಿತಲ್ಲ, ಆಗ ಖುಷಿಯಾಗಿ ಎರಡೂಮುಕ್ಕಾಲು ನಿಮಿಷದ್ದು ಮಾಡಿ ನೋಡಿದೆ. ಅದನ್ನು ಕೊನೆವರೆಗೂ ನೋಡಿದ್ದು ನಾನು ಮತ್ತು ನಮ್ಮನೆಯವರು. ಅವರೂ ನನ್ನ ಎದುರಿಗೆ ಕೂತಿದ್ದಕ್ಕೆ.

ಒಂದು ಸಂಜೆ ಅಡುಗೆಮನೆಯಲ್ಲಿ ಅತ್ತೆಯನ್ನು ಸುಮ್ನೆ ಕೇಳಿದೆ, "ಬಾಗಿಲು ಹಾಕು ಅನ್ನೋಕೆ ಇಂಗ್ಲಿಷಲ್ಲಿ ಏನಂತೀರಿ?"

"ಡೋರ್ ಪುಟ್ಟು."

ನಾನು ನಕ್ಕಿದ್ದಕ್ಕೆ ಅವರಿಗೆ ಸಿಟ್ಟು ಬಂತು. "ಸಾರಿಗೆ ಉಪ್ಪು ಹಾಕೋದಕ್ಕೆ ಪುಟ್ಟು ಅಂತ ನೀನೇ ತಾನೆ ಹೇಳಿಕೊಟ್ಟಿದ್ದು? ಬಾಗಿಲು ಹಾಕೋದೂ ಹಾಕೋದೇ ಅಲ್ವಾ?"

ಹೌದಲ್ಲ! ನಾವು ಬಾಗಿಲು ಹಾಕ್ತೀವಿ, ಬೀಗ ಹಾಕ್ತೀವಿ, ಫ್ಯಾನ್ ಹಾಕ್ತೀವಿ, ಬಟ್ಟೆ ಹಾಕ್ತೀವಿ, ರಂಗೋಲಿ ಹಾಕ್ತೀವಿ, ಗಿಡಕ್ಕೆ ನೀರು ಹಾಕ್ತೀವಿ, ಫೋನಿಗೆ ಕರೆನ್ಸಿ ಹಾಕ್ತೀವಿ. ಇಂಗ್ಲಿಷಿನಲ್ಲಿ ಒಂದೊಂದಕ್ಕೂ ಒಂದೊಂದು ಮಾತು. ಕ್ಲೋಸ್, ಲಾಕ್, ಸ್ವಿಚ್ ಆನ್, ವೇರ್, ಡ್ರಾ, ವಾಟರ್, ರೀಚಾರ್ಜ್. ಜನ ತಡವರಿಸೋದು ಇಲ್ಲಿ. ಸೇಬು, ಬಾಳೆಹಣ್ಣಿನ ಹೆಸರು ಗೊತ್ತಿಲ್ಲದೆ ಯಾರೂ ಒದ್ದಾಡುತ್ತಿಲ್ಲ.

ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಕಿಟಕಿ ಬೆಳಕಲ್ಲೇ ಶೂಟ್ ಮಾಡಿದೆ. ಮುಖ ಬೇಡ ಅಂದರು ಅತ್ತೆ. ಸರಿ, ಹಸಿರು ಬಳೆ ತೊಟ್ಟ ಕೈ, ಹಿತ್ತಿಲ ಬಾಗಿಲು, ಅಷ್ಟೇ. ಅವರು "ಡೋರ್ ಪುಟ್ಟು" ಅಂತಾರೆ, ಬಾಗಿಲು ಅಲ್ಲಾಡಲ್ಲ. ಇನ್ನೊಂದು ಸಲ ಅಂತಾರೆ, ಆಗಲೂ ಇಲ್ಲ. "ಕ್ಲೋಸ್ ದ ಡೋರ್" ಅಂದಾಗ ಬಾಗಿಲು ಕಿರ್ ಅಂತ ಹಾಕಿಕೊಳ್ಳುತ್ತೆ. ಹಿಂದೆ ನಿಂತು ದಾರ ಎಳೆದಿದ್ದು ನನ್ನ ಮಗ. ಒಟ್ಟು 22 ಸೆಕೆಂಡು. ಎರಡೂವರೆ ಲಕ್ಷ ವ್ಯೂಸ್ ಬಂತು.

ಅಂದಿನಿಂದ ವಿಡಿಯೊಗೆ ಒಂದೇ ಪದ, ತಪ್ಪು ಮೊದಲು, ಸರಿ ಆಮೇಲೆ. ಯಾವ ‘ಹಾಕು’ ಆದ ಮೇಲೆ ಯಾವ ‘ಹಾಕು’ ಬರಬೇಕು ಅನ್ನೋದಕ್ಕೆ ನನ್ನದೊಂದು ಸಾಲು ಇದೆ. ಅದನ್ನು ಹೊಂದಿಸೋಕೆ ನಾಲ್ಕು ತಿಂಗಳು ಹಿಡಿದಿದೆ, ಹಾಗಾಗಿ ಅದು ನನ್ನ ಹತ್ತಿರವೇ ಇರಲಿ.

ನಡುವೆ ಒಂದೆರಡು ಪ್ರಯೋಗ ಮಾಡಿದೆ. ಪರದೆ ಮೇಲೆ ಪದವನ್ನು ಕನ್ನಡದಲ್ಲಿ ಬರೆದರೆ ಜನ ಓದುತ್ತಾರೆ, ಕೇಳಿಸಿಕೊಳ್ಳಲ್ಲ. ಪೂರ್ತಿ ತೆಗೆದರೆ ವಯಸ್ಸಾದವರು ಬೈಯುತ್ತಾರೆ. ಈಗ ಕೊನೆಯ ಎರಡು ಸೆಕೆಂಡು ಮಾತ್ರ ತೋರಿಸುತ್ತೇನೆ. ಇನ್ನೊಂದು ಸಲ ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿಗೆ ಹೋಗಿ ತರಕಾರಿ ಶೂಟ್ ಮಾಡಿದೆ. "ಬರೀ ಫೋಟೊನಾ, ಏನೂ ತಗೊಳ್ಳಲ್ವಾ?" ಅಂದರು ಆಲೂಗಡ್ಡೆ ಅಂಗಡಿಯಮ್ಮ. ಎರಡು ಕೆಜಿ ತಂದಿದ್ದೇ ಲಾಭ, ವಿಡಿಯೊ ಯಾರೂ ನೋಡಲಿಲ್ಲ. ‘ಲಾಕ್’ ಅನ್ನೋದನ್ನ ‘ಲಾಕು’ ಅಂದರೂ ನಾನು ತಿದ್ದಲ್ಲ. ಉಚ್ಚಾರಣೆ ಅಂತ ಹೆದರಿಸಿದರೆ ಬಾಯೇ ಬಿಡಲ್ಲ ಜನ.

ದುಡ್ಡಿನ ವಿಷಯ. ಬರೀ ಶಾರ್ಟ್ಸ್ ಹಾಕೋರಿಗೆ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಸಬ್‌ಸ್ಕ್ರೈಬರ್ ಜೊತೆ 90 ದಿನದಲ್ಲಿ ಒಂದು ಕೋಟಿ ವ್ಯೂಸ್ ಬೇಕು. ನನ್ನ ಗತಿ ನಿಮಗೆ ಗೊತ್ತಾಯಿತಲ್ಲ. ಅಲ್ಲಿಂದ ಬಂದದ್ದು ಸೊನ್ನೆ. ದುಡ್ಡು ಬರುತ್ತಿರೋದು ವಾಟ್ಸಾಪ್ ಬ್ಯಾಚಿನಿಂದ. 30 ದಿನಕ್ಕೆ 199 ರೂಪಾಯಿ. ಬೆಳಿಗ್ಗೆ ನನ್ನ ವಿಡಿಯೊ, ರಾತ್ರಿ ಅವರ ವಾಯ್ಸ್ ಮೆಸೇಜು. ಎಲ್ಲವನ್ನೂ ನಾನೇ ಕೇಳುತ್ತೇನೆ, ದಿನಕ್ಕೆ ಒಂದೂವರೆ ಗಂಟೆ ಬೇಕು. ಮೊದಲ ಬ್ಯಾಚಿಗೆ 14 ಜನ ಬಂದು ಐದು ಜನ ಬಿಟ್ಟರು. ಈಗ 31 ಜನ ಇದ್ದಾರೆ, ಬಿಟ್ಟಿದ್ದು ಮೂರೋ ನಾಲ್ಕೋ. ಕಳೆದ ದುಡ್ಡು ಇನ್ನೂ ಪೂರ್ತಿ ವಾಪಸ್ ಬಂದಿಲ್ಲ, ಮುಂದಿನ ಬ್ಯಾಚಿಗೆ ಬರುತ್ತೆ.

ಸಕಲೇಶಪುರದ ಕಡೆ ಹೋಮ್‌ಸ್ಟೇಯಲ್ಲಿ ಅಡುಗೆ ಮಾಡುವ ಒಬ್ಬರು ಒಂದು ದಿನ ಬೆಳಿಗ್ಗೆ ಏಳಕ್ಕೇ ಮೆಸೇಜ್ ಕಳಿಸಿದರು. ಹಿಂದೆ ಕುಕ್ಕರ್ ಕೂಗುತ್ತಿತ್ತು. "ಮೇಡಂ, ಗೆಸ್ಟು ಬಿಸಿನೀರು ಕೇಳಿದ್ರು. ಗೀಸರ್ ಸ್ವಿಚ್ ಆನ್, ಟೆನ್ ಮಿನಿಟ್ಸ್ ಅಂದೆ. ಓಕೆ ಅಂದ್ಬಿಟ್ರು ಮೇಡಂ!" ಅದನ್ನು ಭಾವನಿಗೆ ಎರಡು ಸಲ ಕೇಳಿಸಿದೆ.

ಈಗ ‘ತೆಗೆ’ ಶುರು ಮಾಡಿದ್ದೇನೆ. ಚಪ್ಪಲಿ ತೆಗೆ, ಫೋಟೊ ತೆಗೆ ಆಯಿತು. ಬಾಗಿಲು ತೆಗೆ ಮಾತ್ರ ಹಾಗೇ ಇಟ್ಟಿದ್ದೇನೆ. ದೀಪಾವಳಿ ಹೊತ್ತಿಗೆ ಹಾಸನಾಂಬೆ ಗುಡಿ ಬಾಗಿಲು ತೆಗೆಯುತ್ತಾರಲ್ಲ, ಆಗ ಕ್ಯೂನಲ್ಲಿ ನಿಂತೇ ಮಾಡೋಣ ಅಂತಿದ್ದಾರೆ ಅತ್ತೆ.