ಆಜ್ಞೆ ಹೊರಡಿಸಿ ಆಳುವ ಅಧಿಕಾರ: ಸುದ್ದಿ ಓದೋದು ಹೇಗೆ?

ಸಿವಿಕ್ಸ್ ತರಗತಿಯಲ್ಲಿ ನಾನು ಮಕ್ಕಳ ಕೈಗೆ ಕೆಂಪು ಪೆನ್ ಕೊಡುತ್ತೇನೆ. ಆಜ್ಞೆಯಿಂದಲೇ ಕಾನೂನು ಮಾಡುವ ಅಧಿಕಾರವನ್ನು ಸಂಸತ್ತು ಅಧ್ಯಕ್ಷರಿಗೆ ಕೊಟ್ಟ ಸುದ್ದಿ ಕಂಡರೆ ಮೊದಲು ಅವಧಿಗೆ ಗೆರೆ ಎಳೆಯಿರಿ. 2007ರ ಜನವರಿ 31ರಂದು ವೆನೆಜುವೆಲಾದ ಸಂಸತ್ತು ಕರಾಕಸ್‌ನ ಬೊಲಿವಾರ್ ಚೌಕದಲ್ಲೇ ಸೇರಿ, ಅಧ್ಯಕ್ಷ ಹ್ಯೂಗೋ ಚಾವೆಸ್‌ಗೆ ಈ ಅಧಿಕಾರವನ್ನು 18 ತಿಂಗಳಿಗೆ ಕೊಟ್ಟಿತು. ಆಮೇಲೆ ಯಾವ ಯಾವ ವಿಷಯಕ್ಕೆ ಈ ಅಧಿಕಾರ ಅಂತ ಎಣಿಸಿ: 11. ಇದನ್ನು ಕೊಡಲು ಸಂಸತ್ತಿನಲ್ಲಿ ಎಷ್ಟು ಮತ ಬೇಕು? ಅಲ್ಲಿನ ಸಂವಿಧಾನದ 203ನೇ ವಿಧಿಯಂತೆ ಐದರಲ್ಲಿ ಮೂರು ಪಾಲು. ಜಾಸ್ತಿ ಅನ್ನಿಸುತ್ತೆ ಅಲ್ವಾ? ಸುಮ್ನೆ ಅಲ್ಲಿಗೇ ನಿಲ್ಲಬೇಡಿ, ಸಂಸತ್ತಿನ ಕುರ್ಚಿಗಳಲ್ಲಿ ಯಾರಿದ್ದರು ನೋಡಿ. 2005ರ ಚುನಾವಣೆಯನ್ನು ದೊಡ್ಡ ವಿರೋಧ ಪಕ್ಷಗಳು ಬಹಿಷ್ಕರಿಸಿದ್ದವು. ಒಳಗೆ ಇದ್ದವರೆಲ್ಲ ಚಾವೆಸ್ ಕಡೆಯವರೇ, ಕೈ ಎತ್ತಿ ಒಪ್ಪಿದರು. ಕೊನೆಗೆ ಕ್ಯಾಲೆಂಡರ್ ತಿರುಗಿಸಿ. ಅವಧಿ ಮುಗಿಯುವ ಹೊತ್ತಿಗೆ, 2008ರ ಜುಲೈ ಕೊನೆಯಲ್ಲಿ, ಚಾವೆಸ್ ಆಜ್ಞೆಯಿಂದಲೇ 26 ಕಾನೂನು ಒಟ್ಟಿಗೆ ಬಂದವು. ಅಲ್ಲಿ ನಾನು ಎರಡು ಗೆರೆ ಎಳೆಸುತ್ತೇನೆ.