ರಿಪೇರಿ ಮುಗಿದ ಮೇಲೆ ಹಳೇ ವಾಷಿಂಗ್ ಮಶೀನ್ ಹೊಸ ತೊಂದರೆ ತೋರಿಸಿದರೆ

ನಮ್ಮ ಮಶೀನ್ 2011ರದು. ಟಾಪ್ ಲೋಡ್, ಆರೂವರೆ ಕೆಜಿ. ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ನಾವು ಮನೆ ಮಾಡಿದ ವರ್ಷ ಅತ್ತೆಯವರು ತಮ್ಮ ಪಿಂಚಣಿ ದುಡ್ಡಿನಲ್ಲಿ ಕೊಡಿಸಿದ್ದು. ಈಗ ಅವರಿಲ್ಲ. ಅದಕ್ಕೇ ಇದನ್ನು ಎಕ್ಸ್‌ಚೇಂಜಿಗೆ ಹಾಕಲು ನನಗೆ ಮನಸ್ಸು ಬರುವುದಿಲ್ಲ.

ಹೋದ ಜೂನ್‌ನಲ್ಲಿ, ಮಳೆ ಹಿಡಿದ ವಾರವೇ, ಮಶೀನಿನಿಂದ ನೀರು ಹೊರಗೆ ಹೋಗುವುದು ನಿಂತಿತು. ಡ್ರೈನ್ ಮೋಟರ್ ಸುಟ್ಟಿತ್ತು. ಧಾರವಾಡದಿಂದ ನನ್ನ ತಮ್ಮ ಬಂದಿದ್ದ. ಇಬ್ಬರೂ ಸೇರಿ ಮಶೀನನ್ನು ಹಾಸಿಗೆಯ ಮೇಲೆ ಮಲಗಿಸಿ ಹೊಸ ಡ್ರೈನ್ ಮೋಟರ್ ಹಾಕಿದೆವು. ಹೇಗೂ ಬಿಚ್ಚಿದ್ದೇವಲ್ಲ ಎಂದು ಬೆಲ್ಟನ್ನೂ ಬದಲಿಸಿದೆವು. ಎಲ್ಲ ಮುಚ್ಚಿ ಚಾಲೂ ಮಾಡಿದರೆ ನೀರು ತುಂಬುವುದು ನಿಲ್ಲಲೇ ಇಲ್ಲ. ಮೇಲಿನ ಗೆರೆ ದಾಟಿತು, ಬುಟ್ಟಿಯ ತೂತುಗಳನ್ನೂ ದಾಟಿತು. "ಅಕ್ಕಾ, ಮೊದ್ಲ ನಳಾ ಬಂದ್ ಮಾಡ!" ಎಂದು ತಮ್ಮ ಕೂಗಿದ.

ಮೆಕ್ಯಾನಿಕ್ ಒಬ್ಬರಿಗೆ ಫೋನ್ ಮಾಡಿದೆ. ಅವರು ನೋಡದೆಯೇ "ಬೋರ್ಡ್ ಹೋಗಿದೆ, ಹಳೇದು, ಬಿಟ್ಟುಬಿಡಿ" ಎಂದರು. ಬೋರ್ಡ್, ಅಂದರೆ ಮಶೀನ್ ನಡೆಸುವ ಸರ್ಕ್ಯೂಟ್, ಹೋಗಿರಲಿಲ್ಲ. ಕಿರುಬೆರಳಿಗಿಂತ ಸಣ್ಣ ಒಂದು ರಬ್ಬರ್ ಪೈಪ್ ಕಳಚಿಕೊಂಡಿತ್ತು, ಅಷ್ಟೇ.

ಆ ದಿನದಿಂದ ನಾನು ಎಲ್ಲರಿಗೂ ಹೇಳುವುದು ಇದೇ. ನಿನ್ನೆವರೆಗೆ ಇಲ್ಲದ ತೊಂದರೆ ರಿಪೇರಿ ಆದ ಕೂಡಲೇ ಬಂದರೆ, ಮೊದಲು ನಿಮ್ಮ ಕೈ ಎಲ್ಲೆಲ್ಲಿ ತಾಗಿತ್ತು ಎಂದು ನೆನಪಿಸಿಕೊಳ್ಳಿ. ಒಂದು ಕಾಗದ ತಗೊಂಡು ಬರೆಯಿರಿ: ಯಾವ ಸ್ಕ್ರೂ ಬಿಚ್ಚಿದಿರಿ, ಯಾವ ಪೈಪ್ ಸರಿಸಿದಿರಿ, ಯಾವ ವೈರ್ ಕಿತ್ತಿರಿ, ಮಶೀನನ್ನು ಯಾವ ಕಡೆಗೆ ಮಲಗಿಸಿದಿರಿ. ಹೆಚ್ಚಿನ ಸಲ ಉತ್ತರ ಆ ಕಾಗದದಲ್ಲೇ ಇರುತ್ತದೆ. ಹಳೇ ಮಶೀನ್ ಎಂದ ಕೂಡಲೇ ವಯಸ್ಸಿನ ಮೇಲೆ ತಪ್ಪು ಹೊರಿಸಬೇಡಿ.

ಮತ್ತೆ ಕೈ ಹಾಕುವ ಮುಂಚೆ

ಪ್ಲಗ್ ಕಿತ್ತು ನಿಮ್ಮ ಕಣ್ಣಿಗೆ ಕಾಣುವ ಕಡೆ ಇಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ನಳ ಬಂದ್ ಮಾಡಿ, ಒಳಗಿನ ನೀರು ಪೂರಾ ಖಾಲಿ ಮಾಡಿ. ಟಾಪ್ ಲೋಡ್ ಮಶೀನಿನಲ್ಲಿ ಮೋಟರ್ ಹತ್ತಿರ ಡಬ್ಬಿಯಂಥ ಕೆಪಾಸಿಟರ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ಉಳಿದಿರಬಹುದು. ಹೋಲ್ಡರ್‌ಗೆ ಹಾಕಿದ ಹಳೇ 60 ವ್ಯಾಟಿನ ಗುಂಡು ಬಲ್ಬಿನ (ಒಳಗೆ ತಂತಿ ಉರಿಯುವಂಥದು, ಎಲ್‌ಇಡಿ ಅಲ್ಲ) ಎರಡು ವೈರನ್ನು ಅದರ ಎರಡು ತುದಿಗೆ ತಾಗಿಸಿದರೆ ಅದು ಖಾಲಿ ಆಗುತ್ತದೆ. ಆಮೇಲೆ ಕರೆಂಟ್ ಅಳೆಯುವ ಮಲ್ಟಿಮೀಟರ್‌ನಲ್ಲಿ ವೋಲ್ಟೇಜ್ ಸೊನ್ನೆ ಬಂತೇ ನೋಡಿ. ಬರಿಗೈ ಮುಟ್ಟುವುದು ಆಮೇಲಿನ ಮಾತು.

ಇನ್ನೊಂದು ಇದಕ್ಕಿಂತ ಮುಖ್ಯ. ಹಸಿರು ವೈರ್, ಅಂದರೆ ಅರ್ಥಿಂಗ್. ಹಿಂದಿನ ತಗಡು ಬಿಚ್ಚುವಾಗ ಅದನ್ನು ಕಿತ್ತು, ಮುಚ್ಚುವಾಗ ಮರೆಯುವುದು ತುಂಬಾ ಸುಲಭ. ಮಶೀನ್ ಅದಿಲ್ಲದೆಯೂ ಓಡುತ್ತದೆ, ಆದ್ದರಿಂದ ಮರೆತದ್ದು ಗೊತ್ತೇ ಆಗುವುದಿಲ್ಲ. ನಮ್ಮ ಕಡೆ ಮಶೀನ್ ಇರುವುದು ಬಾತ್‌ರೂಮ್ ಬಾಗಿಲಲ್ಲಿ ಇಲ್ಲವೇ ಬಟ್ಟೆ ಒಣಗಿಸುವ ಬಾಲ್ಕನಿಯಲ್ಲಿ. ನೆಲ ಒದ್ದೆ, ಕಾಲು ಒದ್ದೆ. ಮಳೆಗಾಲದಲ್ಲಿ ಗೋಡೆಯೂ ಒದ್ದೆ. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಒಂದು ಕಡ್ಡಿಯನ್ನು ಪ್ಲಗ್ಗಿನ ದಪ್ಪ ಪಿನ್ನಿಗೆ, ಇನ್ನೊಂದನ್ನು ಮಶೀನಿನ ಬಣ್ಣ ಇಲ್ಲದ ಸ್ಕ್ರೂಗೆ ತಾಗಿಸಿ. ಸೊನ್ನೆಯ ಹತ್ತಿರ ಬರಬೇಕು. ಬರದಿದ್ದರೆ ಅದು ಸರಿಯಾಗುವವರೆಗೆ ಚಾಲೂ ಮಾಡಬೇಡಿ. ಮಶೀನ್ ಮುಟ್ಟಿದಾಗ ಸುಮ್ನೆ ಜುಮ್ ಎಂದರೂ ಅದನ್ನು ಸಣ್ಣ ವಿಷಯ ಎನ್ನಬೇಡಿ, ಕೈ ಮುಗಿದು ಕೇಳುತ್ತೇನೆ.

ನೀರು ತುಂಬುವುದು ನಿಲ್ಲುತ್ತಿಲ್ಲ

ನಮಗೆ ಆದದ್ದು ಇದೇ. ಬುಟ್ಟಿಯ ಹೊರಗಿನ, ನೀರು ನಿಲ್ಲುವ ತೊಟ್ಟಿಯ ತಳದ ಬದಿಯಲ್ಲಿ ಒಂದು ಸಣ್ಣ ಗಾಳಿಯ ಗೂಡು ಇದೆ. ಅಲ್ಲಿಂದ ತೆಳ್ಳನೆಯ ಪೈಪ್ ಮೇಲಿನ ಪ್ಯಾನೆಲ್ಲಿನ ಪ್ರೆಶರ್ ಸ್ವಿಚ್‌ಗೆ ಹೋಗುತ್ತದೆ. ನೀರು ಏರಿದಂತೆ ಗೂಡಿನ ಗಾಳಿ ಒತ್ತಿ ಮೇಲೆ ಹೋಗುತ್ತದೆ, ಸ್ವಿಚ್ ಆ ಒತ್ತಡ ನೋಡಿ "ಸಾಕು" ಎನ್ನುತ್ತದೆ. ಪೈಪ್ ಕಳಚಿದರೆ, ಕೂದಲೆಳೆಯಷ್ಟು ಸೀಳಿದರೂ ಸಾಕು, ಒಳಗೆ ನೀರು ಇದೆ ಎಂದೇ ಮಶೀನ್‌ಗೆ ಗೊತ್ತಾಗುವುದಿಲ್ಲ. ಡ್ರೈನ್ ಕೆಲಸಕ್ಕೆ ಕೈ ಹಾಕುವ ಜಾಗ ಈ ಗೂಡಿಗೆ ತೀರಾ ಹತ್ತಿರ. ಅಲ್ಲೇ ನಮ್ಮ ಕೈ ಎಳೆದಿತ್ತು.

ಹದಿಮೂರು ಹದಿನಾಲ್ಕು ವರ್ಷದ ರಬ್ಬರ್ ತುದಿಯಲ್ಲಿ ಬಿರುಸಾಗಿರುತ್ತದೆ. ಅದನ್ನೇ ಮತ್ತೆ ತುರುಕಬೇಡಿ. ತುದಿಯ ಒಂದು ಸೆಂಟಿಮೀಟರ್ ಕತ್ತರಿಸಿ, ಉದ್ದ ಸಾಲುತ್ತದೆಯೇ ನೋಡಿ, ಹೊಸ ತುದಿಯನ್ನು ಸಿಕ್ಕಿಸಿ ಕ್ಲಿಪ್ ಹಾಕಿ. ಪೈಪನ್ನು ಮೇಲಿನಿಂದ ಕಳಚಿ ಒಳಗಿನ ನೀರಿನ ಹನಿಗಳನ್ನು ಊದಿ ತೆಗೆಯಿರಿ. ಸ್ವಿಚ್ ಒಳಗೆ ಜೋರಾಗಿ ಊದಬೇಡಿ, ಅದರ ಪೊರೆ ಹರಿಯುತ್ತದೆ. ಇನ್ನೊಂದು ಗುಟ್ಟು ನಮಗೆ ಎರಡನೇ ಸಲ ತಿಳಿಯಿತು: ತೊಟ್ಟಿಯಲ್ಲಿ ನೀರು ಇರುವಾಗ ಪೈಪ್ ಸಿಕ್ಕಿಸಿದರೆ ಗೂಡಿನಲ್ಲಿ ಗಾಳಿ ಸರಿಯಾಗಿ ಹಿಡಿಯುವುದಿಲ್ಲ, ಅಳತೆ ಮತ್ತೆ ತಪ್ಪುತ್ತದೆ. ಪೂರಾ ಖಾಲಿ ಮಾಡಿಯೇ ಸಿಕ್ಕಿಸಬೇಕು.

ಪ್ಲಗ್ ಕಿತ್ತ ಮೇಲೂ ನೀರು ಬರುತ್ತಲೇ ಇದ್ದರೆ ಅದು ಬೇರೆ ಕಥೆ. ಆಗ ಹಿಂದಿನ ಇನ್‌ಲೆಟ್ ವಾಲ್ವ್ (ನೀರು ಒಳಗೆ ಬಿಡುವ ಬಾಯಿ) ಮುಚ್ಚುತ್ತಿಲ್ಲ, ಅದರಲ್ಲಿ ಕಸ ಸಿಕ್ಕಿರಬಹುದು. ಅಲ್ಲಿರುವ ಜಾಲರಿಯನ್ನು ಪಕ್ಕಡಿನಲ್ಲಿ ಮೆಲ್ಲಗೆ ಎಳೆದು ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ತೊಳೆಯಿರಿ. ಟ್ಯಾಂಕರ್ ನೀರು ಬಂದ ದಿನ, ಬಿಲ್ಡಿಂಗಿನ ಟಾಕಿ ತೊಳೆಸಿದ ಮರುದಿನ ನಮ್ಮ ಜಾಲರಿಯಲ್ಲಿ ಚಮಚದಷ್ಟು ಮಣ್ಣು ಸಿಗುತ್ತದೆ. ಜಾಲರಿ ಕಟ್ಟಿದರೆ ನೀರು ಬರುವುದೂ ನಿಧಾನ ಆಗುತ್ತದೆ. ತಾರಸಿಯ ಟಾಕಿಯ ಕೆಳಗೇ ಇರುವ ಮೇಲಿನ ಮಹಡಿಯವರಿಗೆ ಹೇಗೂ ಪ್ರೆಶರ್ ಕಡಿಮೆ. ಅವರು ಮೊದಲು ನಳದ ಕೆಳಗೆ ಬಕೆಟ್ ಇಟ್ಟು ತುಂಬಲು ಎಷ್ಟು ಹೊತ್ತು ಬೇಕು ನೋಡಲಿ, ಆಮೇಲೆ ಮಶೀನನ್ನು ಅನುಮಾನಿಸಲಿ.

ಒಗೆಯುವಾಗ ಬುಟ್ಟಿಯೇ ತಿರುಗುತ್ತದೆ, ಇಲ್ಲವೇ ಸ್ಪಿನ್ ಆಗುವುದಿಲ್ಲ

ಡ್ರೈನ್ ಮೋಟರ್ ಬದಲಿಸಿದವರು ಇದನ್ನು ನಿಧಾನವಾಗಿ ಓದಿ. ನಮ್ಮದರಂಥ ಮಶೀನಿನಲ್ಲಿ ಆ ಮೋಟರ್‌ಗೆ ಎರಡು ಕೆಲಸ. ಒಂದೇ ಎಳೆತದಲ್ಲಿ ಅದು ಡ್ರೈನ್ ವಾಲ್ವ್ ತೆರೆಯುತ್ತದೆ, ಜೊತೆಗೆ ಕ್ಲಚ್ಚಿನ ಲಿವರನ್ನೂ ಎಳೆಯುತ್ತದೆ. ಲಿವರ್ ಎಳೆದಾಗ ಬ್ರೇಕ್ ಬಿಟ್ಟು ಬುಟ್ಟಿ ಸ್ಪಿನ್‌ಗೆ ಸಿದ್ಧ ಆಗುತ್ತದೆ. ಬಿಟ್ಟಾಗ ಬುಟ್ಟಿ ನಿಂತು ತಳದ ತಟ್ಟೆ ಮಾತ್ರ ತಿರುಗುತ್ತದೆ.

ಹೊಸ ಮೋಟರನ್ನು ಒಂಚೂರು ಬಿಗಿಯಾಗಿ ಕೂರಿಸಿದರೆ ಲಿವರ್ ಸದಾ ಅರ್ಧ ಎಳೆದ ಹಾಗೇ ಇರುತ್ತದೆ. ಆಗ ಒಗೆಯುವಾಗ ತಟ್ಟೆಯ ಜೊತೆ ಬುಟ್ಟಿಯೂ ಸುತ್ತುತ್ತದೆ, ಬಟ್ಟೆ ಕೊಳೆ ಬಿಡುವುದಿಲ್ಲ, ಡ್ರೈನ್ ಪೈಪಿನಿಂದ ಸಣ್ಣಗೆ ನೀರು ಸೋರುತ್ತದೆ. ಸಡಿಲ ಆದರೆ ಉಲ್ಟಾ: ನೀರು ಅರ್ಧಂಬರ್ಧ ಹೋಗುತ್ತದೆ, ಸ್ಪಿನ್ ಹಿಡಿಯದೆ ಟಕಟಕ ಸದ್ದು ಬರುತ್ತದೆ. ಪ್ಲಗ್ ಕಿತ್ತು ಕೈಯಲ್ಲೇ ಪರೀಕ್ಷೆ ಮಾಡಬಹುದು. ಸ್ಪಿನ್ ಆಗುವ ದಿಕ್ಕಿಗೆ ಬುಟ್ಟಿ ತಿರುಗಿಸಿ ನೋಡಿ. ಬ್ರೇಕ್ ಹಿಡಿದು ಅದು ಬಿಗಿಯಾಗಿರಬೇಕು. ಇನ್ನೊಬ್ಬರು ಕೆಳಗೆ ಲಿವರ್ ಎಳೆದು ಹಿಡಿದರೆ ಅದೇ ಬುಟ್ಟಿ ಹಗುರವಾಗಿ ತಿರುಗಬೇಕು. ನಮ್ಮದರಲ್ಲಿ ಲಿವರ್‌ಗೂ ಅದನ್ನು ಒತ್ತುವ ಸ್ಕ್ರೂಗೂ ನಡುವೆ ಎರಡು ಮಿಲಿಮೀಟರಿನಷ್ಟು ಬಿಡುವು ಬಿಟ್ಟ ಮೇಲೆ ಸರಿಯಾಯಿತು. ತಮ್ಮ ಮಶೀನಿನ ಕೆಳಗೆ ಬಗ್ಗಿ ಪಾನಾ ಹಿಡಿದಿದ್ದ, ನಾನು ಮೇಲೆ ಬುಟ್ಟಿ ಹಿಡಿದಿದ್ದೆ. "ಈಗ?" "ಇನ್ನೂ ಬಿಗಿ ಐತಿ." "ಈಗ?" ಹೀಗೆ ಹತ್ತು ಸಲ. ಆತುರ ಮಾಡಿದರೆ ಈ ಕೆಲಸ ಆಗುವುದಿಲ್ಲ.

ದೊಡ್ಡ ಮೋಟರಿನ ವೈರ್ ಬಿಚ್ಚಿದ್ದವರಿಗೆ ಇನ್ನೊಂದು ಅನುಮಾನ ಇರಬೇಕು. ಅದಕ್ಕೆ ಮೂರು ವೈರ್ ಬರುತ್ತವೆ, ಒಂದು ಕಾಮನ್, ಉಳಿದೆರಡು ಎರಡು ದಿಕ್ಕಿಗೆ. ಆ ಎರಡು ಅದಲುಬದಲು ಆದರೆ ಒಗೆಯುವುದು ಸರಿಯಾಗೇ ಕಾಣುತ್ತದೆ, ಯಾಕೆಂದರೆ ಆಗ ಅದು ಹೇಗೂ ಎರಡೂ ಕಡೆ ತಿರುಗುತ್ತದೆ. ಸ್ಪಿನ್ ಹೊತ್ತಿಗೆ ಮೋಟರ್ ಉಲ್ಟಾ ತಿರುಗಿ ಕ್ಲಚ್ಚಿನ ಸ್ಪ್ರಿಂಗ್ ಹಿಡಿಯುವುದಿಲ್ಲ. ಬಿಚ್ಚುವ ಮುಂಚೆ ಫೋನಿನಲ್ಲಿ ಫೋಟೋ ತೆಗೆದಿದ್ದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಮೋಟರ್ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ ಎಂದರೆ ಬೆಲ್ಟ್ ನೋಡಿ, ಆಮೇಲೆ ಕೆಪಾಸಿಟರ್. ಬೆಲ್ಟಿನ ನಡುವೆ ಬೆರಳಿನಿಂದ ಒತ್ತಿದರೆ ಅರ್ಧ ಇಂಚು ಒಳಗೆ ಹೋಗಬೇಕು. ತೀರಾ ಬಿಗಿ ಮಾಡಿದರೆ ಬೇರಿಂಗ್ ತಿನ್ನುತ್ತದೆ, ಮೋಟರ್ ಬಿಸಿಯಾಗುತ್ತದೆ. ಕೆಪಾಸಿಟರ್ ಸೊರಗಿದ್ದರೆ ಅದರ ಮೇಲೆ ಬರೆದ ಮೈಕ್ರೋಫ್ಯಾರಡ್ ಮತ್ತು ವೋಲ್ಟ್ ಎರಡೂ ಹೊಂದುವಂಥದನ್ನೇ ತನ್ನಿ. ನಾನು ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ತಂದೆ. ಹಳೇದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಅಂಗಡಿಯವರಿಗೆ ಮಾತಿನಲ್ಲಿ ಹೇಳುವುದಕ್ಕಿಂತ ತೋರಿಸುವುದು ಒಳ್ಳೆಯದು.

ಮಿಕ್ಕ ಸಣ್ಣಪುಟ್ಟ ವಿಷಯಗಳು

ನೀರು ಹೋಗುತ್ತಿಲ್ಲವೇ? ನಮ್ಮಂಥ ಟಾಪ್ ಲೋಡ್‌ಗೆ ಪಂಪ್ ಇಲ್ಲ, ನೀರು ತಾನಾಗಿ ಇಳಿದು ಹೋಗಬೇಕು. ಡ್ರೈನ್ ಪೈಪನ್ನು ಬಾತ್‌ರೂಮಿನ ಕಟ್ಟೆಯ ಮೇಲೆ ಎತ್ತಿಟ್ಟರೆ ನೀರು ಒಳಗೇ ನಿಲ್ಲುತ್ತದೆ. ಪಂಪ್ ಇರುವ ಮಶೀನಿಗೆ ಇದರ ಉಲ್ಟಾ: ಪೈಪ್ ನೆಲಕ್ಕೆ ಬಿದ್ದಿದ್ದರೆ ತುಂಬಿದ ನೀರು ತುಂಬಿದ ಹಾಗೇ ಹರಿದು ಹೋಗುತ್ತದೆ, ಮಶೀನ್ ಗಂಟೆಗಟ್ಟಲೆ ತುಂಬಿಸುತ್ತಲೇ ಇರುತ್ತದೆ.

ಸ್ಪಿನ್‌ನಲ್ಲಿ ಧಡಧಡ ಕುಣಿದರೆ ಮೂಲೆಗಳಲ್ಲಿ ತೊಟ್ಟಿಯನ್ನು ತೂಗಿಹಿಡಿದ ನಾಲ್ಕು ಸಸ್ಪೆನ್ಷನ್ ಕಂಬಿ ನೋಡಿ. ಮಶೀನ್ ಮಲಗಿಸಿದಾಗ ಒಂದು ತನ್ನ ಬಟ್ಟಲಿನಿಂದ ಜಾರಿರಬಹುದು. ಕಾಲುಗಳ ಮಟ್ಟವೂ ತಪ್ಪಿರುತ್ತದೆ. ಮುಚ್ಚಳ ಹಾಕಿದರೂ ಸ್ಪಿನ್ ಶುರುವಾಗದಿದ್ದರೆ ಮೇಲಿನ ಪ್ಯಾನೆಲ್ ಕೂರಿಸುವಾಗ ಮುಚ್ಚಳದ ಸ್ವಿಚ್ಚಿನ ವೈರ್ ಬಿಟ್ಟುಹೋಗಿದೆಯೇ ನೋಡಿ.

ಪರೀಕ್ಷೆ ಮಾಡುವಾಗ ಪೂರ್ತಿ ಒಗ್ಯಾಣ ಹಾಕಿ ಕಾಯಬೇಡಿ. ಬಟ್ಟೆ ಹಾಕದೆ ಒಂದೊಂದೇ ಹಂತ ನೋಡಿ. ಎರಡು ಬಕೆಟ್ ನೀರು ಕೈಯಲ್ಲೇ ಸುರಿದು ಡ್ರೈನ್ ಮಾತ್ರ ಹಾಕಿ. ಅದು ಸರಿ ಇದ್ದರೆ ಖಾಲಿ ಬುಟ್ಟಿಯಲ್ಲಿ ಸ್ಪಿನ್ ಮಾತ್ರ. ಕೊನೆಗೆ ಕಡಿಮೆ ನೀರಿನಲ್ಲಿ ಒಂದು ಸುತ್ತು ಪೂರಾ. ಕೆಳಗೆ ಹಳೇ ಪೇಪರ್ ಹಾಸಿ, ಒಂದು ಹನಿ ಬಿದ್ದರೂ ಎಲ್ಲಿಂದ ಎಂದು ಕಾಣುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದರಿಂದ ಸರಿಯಾಯಿತು ಎಂದೇ ತಿಳಿಯುವುದಿಲ್ಲ.

ಸ್ಪಿನ್‌ನಲ್ಲಿ ಕಲ್ಲು ಅರೆದಂತೆ ಸದ್ದು ಬಂದರೆ ಅದು ಬೇರಿಂಗ್ ಇಲ್ಲವೇ ಗೇರ್‌ಬಾಕ್ಸ್. ಅದಕ್ಕೆ ತೊಟ್ಟಿಯನ್ನೇ ಎತ್ತಬೇಕು. ಬೋರ್ಡಿನಲ್ಲಿ ಸುಟ್ಟ ಕಪ್ಪು ಕಲೆ ಕಂಡರೆ, ಚಾಲೂ ಮಾಡಿದ ಕೂಡಲೇ ಮನೆಯ ಎಂಸಿಬಿ (ತಾನಾಗಿ ಕರೆಂಟ್ ಕಡಿಯುವ ಸ್ವಿಚ್) ಬಿದ್ದರೆ ಅಲ್ಲಿಗೆ ನಿಲ್ಲಿಸಿ. ಅದು ಮೆಕ್ಯಾನಿಕ್ ಕೆಲಸ. ಆದರೆ ನೀವು ಬರೆದ ಆ ಕಾಗದವನ್ನು ಅವರ ಕೈಗೆ ಕೊಡಿ. ನೀವು ಬಿಚ್ಚಿದ್ದನ್ನು ಮುಚ್ಚಿಡಬೇಡಿ.

ಕೊನೆಯದಾಗಿ ತಳದ ಇಲಿ ಜಾಲರಿ. ಮುಂಬಯಿ ಕಡೆಯ ಹಳೇ ಬಿಲ್ಡಿಂಗಿನಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಕ್ಕದ ಮನೆಯ ವಹಿನಿ ರಿಪೇರಿ ಆದ ಮೇಲೆ ಅದನ್ನು ನಾಳೆ ಹಾಕಿದರಾಯಿತು ಎಂದು ಬಿಟ್ಟಿದ್ದರು. ಎಂಟು ದಿನದಲ್ಲಿ ಇಲಿ ಒಳಗೆ ಹೊಕ್ಕು ಡ್ರೈನ್ ಮೋಟರಿನ ವೈರ್ ಕಡಿದುಹಾಕಿತ್ತು. ಮಶೀನ್ ಗೋಡೆಗೆ ಸರಿಸುವ ಮುಂಚೆಯೇ ಜಾಲರಿಯ ನಾಲ್ಕೂ ಸ್ಕ್ರೂ ಹಾಕಿ. ಆಮೇಲೆ ಒಂದು ವಾರ ಚಾದರ, ಜೀನ್ಸ್ ಬೇಡ, ಅರ್ಧ ಬುಟ್ಟಿ ಬಟ್ಟೆ ಮಾತ್ರ. ಪ್ರತಿ ಸಲ ಮುಗಿದ ಮೇಲೆ ಕೆಳಗೆ ಕೈ ಹಾಕಿ ನೆಲ ಒಣಗಿದೆಯೇ ನೋಡಿ.