ಭಾನುವಾರ ಬಿಟ್ಟು ಹುಣ್ಣಿಮೆ ಹಿಡಿದೆ: ದಂಡೆ ಕಸದ ಜೊತೆ ನನ್ನ ಅನುಭವ

ಎರಡು ವರ್ಷ ಪ್ರತಿ ಭಾನುವಾರ ಅದೇ 100 ಮೀಟರ್ ಕಡಲ ದಂಡೆಯಲ್ಲಿ ಕಸ ಎಣಿಸಿ ಎತ್ತಿದೆವು. ಒಂದು ವಾರ 60 ತುಂಡು, ಮುಂದಿನ ವಾರ 400. ಇದಕ್ಕೆಲ್ಲ ಲೆಕ್ಕ ಸಿಗಲ್ಲ, ಸುಮ್ನೆ ಎತ್ತು ಅಂದರು ಜೊತೆಯವರು. ನನಗೆ ಒಪ್ಪಿಗೆಯಾಗಲಿಲ್ಲ.

ಮೊದಲು ಅಳಿವೆ, ಅಂದರೆ ಹೊಳೆ ಕಡಲು ಸೇರುವ ಜಾಗದ ಮೇಲೆ ಅನುಮಾನ ಬಂತು; ಕಸ ಅಲ್ಲಿಂದಲೇ ಬರುತ್ತಿರಬಹುದು ಅನ್ನಿಸಿತು. ಅಡ್ಡಲಾಗಿ ಬಲೆ ಕಟ್ಟಿಸಿದೆ. ಕೂಡಿಟ್ಟ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಹೋಯಿತು. ಮೊದಲ ದೊಡ್ಡ ಮಳೆಗೆ ಬಲೆ ಗೂಟ ಸಮೇತ ಕಿತ್ತು ಬಂತು. ಅದನ್ನು ಎಳೆದು ತೆಗೆಯಲು ಮತ್ತೆ ಕೂಲಿ. ಆ ನೋವು ಇನ್ನೂ ಇದೆ.

ಆಮೇಲೆ ಸ್ವಲ್ಪ ಕಾಲ ಎತ್ತುವುದನ್ನೇ ನಿಲ್ಲಿಸಿದೆ. ಕಸ ಬಿದ್ದಲ್ಲೇ ಗುರುತು ಹಾಕಿ ದಿನಾ ನೋಡಿದೆ. ಮೊದಲ ಬಣ್ಣ ಮರಳು ಉಜ್ಜಿ ನಾಲ್ಕೇ ದಿನದಲ್ಲಿ ಹೋಯಿತು. ಈಗ ಬಳಸುವ ಗುರುತು ಯಾವುದೆಂದು ಸದ್ಯಕ್ಕೆ ಹೇಳುವುದಿಲ್ಲ. ಅದು ಇನ್ನೊಂದು ಮಳೆಗಾಲ ತಡೆಯಬೇಕು.

ಸುಮಾರು 200 ತುಂಡಿಗೆ ಗುರುತು ಹಾಕಿದ್ದೆ. ಉಬ್ಬರ ಇಳಿಯುವಾಗ ದಂಡೆಯಲ್ಲಿ ಕಸದ ಗೆರೆ ಬಿಟ್ಟು ಹೋಗುತ್ತದೆ. ನೀರಿಗೆ ಹತ್ತಿರದ ಕೆಳಗಿನ ಗೆರೆಯಲ್ಲಿದ್ದದ್ದರಲ್ಲಿ ಮೂರರಲ್ಲೊಂದು ಭಾಗ ಮರುದಿನವೇ ಇರಲಿಲ್ಲ. ಹುಣ್ಣಿಮೆಯ ದೊಡ್ಡ ಉಬ್ಬರ ಮೇಲಿನ ಗೆರೆಯಲ್ಲಿ ಬಿಟ್ಟು ಹೋದದ್ದು ಮಾತ್ರ ಹನ್ನೆರಡು ದಿನ ಹೆಚ್ಚುಕಡಿಮೆ ಅಲ್ಲೇ ಇತ್ತು. ಅಮಾವಾಸ್ಯೆಯ ಉಬ್ಬರ ಬಂದು ಒಂದೇ ರಾತ್ರಿಯಲ್ಲಿ ಬಾಚಿಕೊಂಡು ಹೋಯಿತು. ಅಂದರೆ 60 ಸಿಕ್ಕ ಭಾನುವಾರ ಕಸ ಕಡಿಮೆ ಬಂದಿತ್ತು ಅಂತಲ್ಲ. ಬಂದದ್ದನ್ನು ನಾವು ಹೋಗುವ ಮೊದಲೇ ಸಮುದ್ರ ವಾಪಸ್ ಒಯ್ದಿತ್ತು, ಇಲ್ಲವೇ ಮರಳು ಮುಚ್ಚಿತ್ತು.

ಈಗ ಹುಣ್ಣಿಮೆ, ಅಮಾವಾಸ್ಯೆ ಕಳೆದು ದೊಡ್ಡ ಉಬ್ಬರ ಇಳಿಯಲು ಶುರುವಾದ ಕೂಡಲೇ ಹೋಗುತ್ತೇವೆ. ಗಾಳಿಯನ್ನೂ ನೋಡುತ್ತೇನೆ. ಎರಡು ಮೂರು ದಿನ ಕಡಲಿಂದ ದಂಡೆಗೆ ಬೀಸಿದರೆ ಥರ್ಮಾಕೋಲು, ಖಾಲಿ ಬಾಟಲಿ ರಾಶಿ ಬೀಳುತ್ತವೆ. ನೀರು ಕುಡಿದ ಹಗ್ಗ, ಬಲೆ ಗಾಳಿಗೆ ಬಗ್ಗುವುದಿಲ್ಲ, ಅವು ನೀರಿನ ಸೆಳವು ಎಳೆದತ್ತ ಹೋಗುತ್ತವೆ.

ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ. ಮೇಲಿನ ಗೆರೆಯಲ್ಲಿ 20 ಖಾಲಿ ಬಾಟಲಿ, 20 ಚಪ್ಪಲಿ ಇಟ್ಟೆ. ವಾರದಲ್ಲಿ ಬಾಟಲಿಗಳೆಲ್ಲ ಹಿಂದಿನ ಪೊದೆ ಸೇರಿದ್ದವು, ಚಪ್ಪಲಿ ಅಲ್ಲಾಡಿರಲಿಲ್ಲ. ಪೊದೆಯೊಳಗೆ ಹೊಕ್ಕು ಎಣಿಸಿದೆ. ಬಯಲು ಮರಳಿನ ಮೂರು ಪಟ್ಟು ಕಸ! ನಾವ್ಯಾರೂ ಅಲ್ಲಿ ಎಣಿಸಿಯೇ ಇರಲಿಲ್ಲ ಅಲ್ವಾ?

ತಿಂಗಳಿಗೆ ನಾಲ್ಕು ಸಲ ಹೋಗುತ್ತಿದ್ದವರು ಈಗ ಎರಡೇ ಸಲ ಹೋಗುತ್ತೇವೆ. ಕೂಲಿ, ಗಾಡಿ ಬಾಡಿಗೆ ಅರ್ಧಕ್ಕಿಳಿದಿದೆ. ಆಗ ಸಲಕ್ಕೆ ಎಂಟೊಂಬತ್ತು ಚೀಲ ಸಿಗುತ್ತಿತ್ತು, ಈಗ ಇಪ್ಪತ್ತು ದಾಟುತ್ತದೆ. ಸುಮ್ನೆ ಎತ್ತು ಅಂದವರೇ ಈಗ ಮುಂದಿನ ಅಮಾವಾಸ್ಯೆ ಯಾವಾಗ ಅಂತ ಕೇಳುತ್ತಾರೆ.

ಸದ್ಯ ಮರಳಿನೊಳಗೆ ಹೂತದ್ದರ ಹಿಂದೆ ಬಿದ್ದಿದ್ದೇನೆ. ಮೊಣಕೈ ಆಳ ಅಗೆದ ಮೊದಲ ಗುಂಡಿಯಲ್ಲೇ ನನ್ನ ಗುರುತಿನ 11 ತುಂಡು ಸಿಕ್ಕಿವೆ.